ಮಂಗಳೂರಿಂದ ಬೇಡ, ಮಾಲೆಯಿಂದ ಆಗಬಹುದು!

ಪ್ರಶ್ನೆ: ನನ್ನ ಮಗ ಸೌದಿ ಅರೇಬಿಯಾದಲ್ಲಿ ಕೆಲಸಕ್ಕಿದ್ದಾನೆ. ಕೋವಿಡ್ ಸಮಯದಲ್ಲಿ ರಜೆಗೆ ಬಂದವನು ವಾಪಸು ಹೋಗಲಾಗದೆ ಸಿಕ್ಕಿಹಾಕಿಕೊಂಡ. 2021ರ ಮಳೆಗಾಲ ಮುಗಿಯುವ ಹೊತ್ತಿಗೆ ಮಾಲ್ದೀವ್ಸ್‌ನ ಮಾಲೆಗೆ ಹೋಗಿ, ಅಲ್ಲಿ ಹದಿನಾಲ್ಕು ದಿನ ಹೋಟೆಲಿನಲ್ಲಿ ಕೂತು, ಅಲ್ಲಿಂದ ರಿಯಾದ್‌ಗೆ ಹಾರಿದ. ಅದೇ ಮನುಷ್ಯ, ಅದೇ ಪಾಸ್‌ಪೋರ್ಟ್, ಅದೇ ಲಸಿಕೆ. ಮಂಗಳೂರಿಂದ ಬಂದರೆ ಬೇಡವಾದವನು ಮಾಲೆಯಿಂದ ಬಂದರೆ ಹೇಗೆ ಸರಿಹೋದ? ಇಷ್ಟೆಲ್ಲ ನಿಷೇಧ ಹಾಕಿದ್ದರಿಂದ ರೋಗ ನಿಂತಿತೇ? ಮುಂದೆ ಇಂಥದ್ದೇ ಕಾಲ ಬಂದರೆ ನಮ್ಮಂಥವರು ಏನೇನು ನೋಡಿಕೊಂಡು ಟಿಕೆಟ್ ಮಾಡಿಸಬೇಕು?
ಓದುಗರೊಬ್ಬರು, ಪುತ್ತೂರು

ಉತ್ತರ: ನಿಮ್ಮ ಮಗನ ಪಾಸ್‌ಪೋರ್ಟಿನ ಬಗ್ಗೆ ಸೌದಿಗೆ ತಕರಾರಿರಲಿಲ್ಲ. ಅವನು ಹಿಂದಿನ ಹದಿನಾಲ್ಕು ದಿನ ಎಲ್ಲಿದ್ದ ಎಂಬುದೇ ಅವರ ಪ್ರಶ್ನೆ. 2021ರ ಫೆಬ್ರುವರಿ 3ರಿಂದ ಸೌದಿ ಸರ್ಕಾರ ಭಾರತವೂ ಸೇರಿ 20 ದೇಶಗಳಿಂದ ಬರುವವರನ್ನು ತಡೆಯಿತು. ತನ್ನ ನಾಗರಿಕರು, ರಾಜತಾಂತ್ರಿಕರು, ವೈದ್ಯಕೀಯ ಸಿಬ್ಬಂದಿ ಮತ್ತು ಅವರ ಕುಟುಂಬದವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಬೇರೆ ದೇಶದಿಂದ ಬರುವವರು ಹಿಂದಿನ ಹದಿನಾಲ್ಕು ದಿನಗಳಲ್ಲಿ ಆ 20ರ ಪೈಕಿ ಯಾವುದಾದರೂ ದೇಶವನ್ನು ಹಾದು ಬಂದಿದ್ದರೆ ಅವರಿಗೂ ಪ್ರವೇಶವಿಲ್ಲ ಎಂದೂ ಆದೇಶದಲ್ಲಿತ್ತು. ಈ ಕೊನೆಯ ಮಾತನ್ನು ತಿರುಗಿಸಿ ಓದಿದರೆ ದಾರಿ ಕಾಣುತ್ತದೆ: ಪಟ್ಟಿಯಲ್ಲಿಲ್ಲದ ದೇಶದಲ್ಲಿ ಹದಿನಾಲ್ಕು ದಿನ ಕಳೆದವರು ಬರಬಹುದು. ಟ್ರಾವೆಲ್ ಏಜೆಂಟರು ಹಾಗೆಯೇ ತಿರುಗಿಸಿ ಓದಿದರು. ವಿಮಾನ, ಹೋಟೆಲು, ಊಟ, ಪರೀಕ್ಷೆ ಎಲ್ಲ ಸೇರಿಸಿ ‘ಪ್ಯಾಕೇಜ್’ ಎಂದು ಮಾರಿದರು.

ಹದಿನಾಲ್ಕೇ ಏಕೆ? ಸೋಂಕು ತಗುಲಿದ ದಿನಕ್ಕೂ ಲಕ್ಷಣ ಕಾಣಿಸುವ ದಿನಕ್ಕೂ ನಡುವೆ ಅಂತರವಿರುತ್ತದೆ. 2020ರ ಆರಂಭದ ಅಧ್ಯಯನಗಳ ಪ್ರಕಾರ ಈ ಅಂತರ ಸಾಮಾನ್ಯವಾಗಿ ಐದು ದಿನ. ಲಕ್ಷಣ ಕಾಣಿಸಿಕೊಳ್ಳುವವರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಮಂದಿಯಲ್ಲಿ ಅದು ಹನ್ನೊಂದೂವರೆ ದಿನದೊಳಗೆ ಮುಗಿಯುತ್ತಿತ್ತು. ಸ್ವಲ್ಪ ಹೆಚ್ಚುವರಿ ಸೇರಿಸಿ ಹದಿನಾಲ್ಕು ಎಂದು ಇಟ್ಟುಕೊಂಡರು. ಪ್ರಯಾಣಕ್ಕೆ 72 ಗಂಟೆ ಮೊದಲು ಮಾಡಿಸಿದ ಆರ್‌ಟಿ-ಪಿಸಿಆರ್ ಮಾತ್ರ ಏಕೆ ಸಾಲದು ಎನ್ನುವುದಕ್ಕೂ ಇದೇ ಕಾರಣ. ನಿನ್ನೆ ತಗುಲಿದ ಸೋಂಕು ಇವತ್ತಿನ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಹೀಗಾಗಿ ಆ ಹದಿನಾಲ್ಕು ದಿನದ ಕಾಯುವಿಕೆಗೆ ವೈದ್ಯಕೀಯ ಆಧಾರವಿತ್ತು. ಅದನ್ನು ತಮ್ಮ ನೆಲದಲ್ಲಿ, ತಮ್ಮ ಮೇಲ್ವಿಚಾರಣೆಯಲ್ಲಿ ಮಾಡಿಸುವ ಬದಲು ಮೂರನೆಯ ದೇಶದ ಹೋಟೆಲಿಗೆ, ನಿಮ್ಮ ಮಗನ ಖರ್ಚಿಗೆ ದಾಟಿಸಿದ್ದಕ್ಕೆ ಅಂಥ ಆಧಾರವಿರಲಿಲ್ಲ.

ಆ ಮೂರನೆಯ ದೇಶವೂ ನಿಂತ ನೆಲವಾಗಿರಲಿಲ್ಲ. 20 ದೇಶಗಳ ಪಟ್ಟಿಯಲ್ಲಿ ಯುಎಇ ಕೂಡ ಇತ್ತು. ಆ ಆದೇಶ ಬಂದಾಗ ಸೌದಿಗೆ ಹೋಗಲೆಂದೇ ದುಬೈಯಲ್ಲಿ ದಿನ ಎಣಿಸುತ್ತಿದ್ದ ಭಾರತೀಯರು ಅಲ್ಲೇ ಬಾಕಿಯಾದರು. ಆಮೇಲೆ ಜನ ಕಾಠ್ಮಂಡು ಹಿಡಿದರು. ಏಪ್ರಿಲ್ ಕೊನೆಗೆ ನೇಪಾಳವೂ ತನ್ನ ನೆಲವನ್ನು ಹಾದುಹೋಗುವ ದಾರಿಯಾಗಿ ಬಳಸುವುದನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ಮಾಲ್ದೀವ್ಸ್ ದಕ್ಷಿಣ ಏಷ್ಯಾದವರಿಗೆ ಪ್ರವಾಸಿ ವೀಸಾ ನಿಲ್ಲಿಸಿ ಜುಲೈ ಮಧ್ಯದಲ್ಲಿ ಮತ್ತೆ ತೆರೆಯಿತು. ನಿಮ್ಮ ಮಗ ಹೋದದ್ದು ಹೀಗೆ ತೆರೆದ ಮೇಲೆ. ಆಗಸ್ಟ್ ಕೊನೆಯಲ್ಲಿ ಸೌದಿ ಒಂದು ಸಡಿಲಿಕೆ ಕೊಟ್ಟಿತು: ಇಕಾಮಾ (ಅಲ್ಲಿನ ವಾಸದ ಪರವಾನಗಿ) ಇದ್ದು, ಸೌದಿಯಲ್ಲೇ ಎರಡೂ ಡೋಸ್ ಹಾಕಿಸಿಕೊಂಡು ರಜೆಗೆ ಹೋದವರು ನೇರವಾಗಿ ಬರಬಹುದು. ಅದೇ ಲಸಿಕೆಯನ್ನು ಊರಲ್ಲಿ ಹಾಕಿಸಿಕೊಂಡವರಿಗೆ ಆ ಭಾಗ್ಯವಿರಲಿಲ್ಲ. ಭಾರತದಿಂದ ಎಲ್ಲರಿಗೂ ನೇರ ಪ್ರವೇಶ ಸಿಕ್ಕಿದ್ದು 2021ರ ಡಿಸೆಂಬರ್ 1ರಿಂದ. ಸೌದಿಯ ಹೊರಗೆ ಲಸಿಕೆ ಹಾಕಿಸಿಕೊಂಡಿದ್ದವರೂ ಅಲ್ಲಿ ಐದು ದಿನ ಕ್ವಾರಂಟೈನ್‌ನಲ್ಲಿರಬೇಕಿತ್ತು.

ನಿಷೇಧ ಯಾವುದರ ಮೇಲೆ?

ಪತ್ರಿಕೆಗಳ ತಲೆಬರಹದಲ್ಲಿ ‘ಪ್ರಯಾಣ ನಿಷೇಧ’ ಎಂಬ ಒಂದೇ ಮಾತು ಇರುತ್ತದೆ. ಆದೇಶದ ಒಳಗೆ ಹೊಕ್ಕರೆ ಕನಿಷ್ಠ ನಾಲ್ಕು ಬಗೆ ಸಿಗುತ್ತವೆ. ಸಿಕ್ಕಿಹಾಕಿಕೊಂಡವರಿಗೆ ಈ ವ್ಯತ್ಯಾಸವೇ ಸರ್ವಸ್ವ.

ಮೊದಲನೆಯದು ವಿಮಾನದ ಮೇಲೆ. 2021ರ ಏಪ್ರಿಲ್ 22ರಂದು ಕೆನಡಾ ಭಾರತದಿಂದ ಬರುವ ನೇರ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತು. ಅದು ತೆರವಾದದ್ದು ಸೆಪ್ಟೆಂಬರ್ ಕೊನೆಗೆ. ಭಾರತೀಯರನ್ನು ಅದು ತಡೆದಿರಲಿಲ್ಲ. ಬೇರೊಂದು ದೇಶದ ಮೂಲಕ ಹೋಗಿ, ಅಲ್ಲೇ ಪರೀಕ್ಷೆ ಮಾಡಿಸಿ ಆ ವರದಿ ಹಿಡಿದು ಬಂದರೆ ಬಾಗಿಲು ತೆರೆದಿತ್ತು. ಟೊರಾಂಟೊ, ವ್ಯಾಂಕೂವರ್ ಕಾಲೇಜುಗಳಿಗೆ ಹೊರಟ ವಿದ್ಯಾರ್ಥಿಗಳು ಆ ವರ್ಷ ಸರ್ಬಿಯಾ, ಮೆಕ್ಸಿಕೊಗಳನ್ನು ಕಂಡದ್ದು ಹೀಗೆ.

ಎರಡನೆಯದು ಪಾಸ್‌ಪೋರ್ಟ್ ಮತ್ತು ವೀಸಾ ಮೇಲೆ. 2020ರ ಮಾರ್ಚ್ 11ರಂದು ಭಾರತ ಕೆಲವೇ ವರ್ಗಗಳನ್ನು ಬಿಟ್ಟು ಎಲ್ಲ ವೀಸಾಗಳನ್ನು ಅಮಾನತಿನಲ್ಲಿಟ್ಟಿತು. ಸಾಗರೋತ್ತರ ಭಾರತೀಯ ನಾಗರಿಕರ, ಅಂದರೆ ಒಸಿಐ ಕಾರ್ಡ್ ಇರುವವರ, ವೀಸಾ ಇಲ್ಲದೆ ಬರುವ ಸವಲತ್ತೂ ಅದರ ಜೊತೆಗೆ ನಿಂತಿತು. ಆ ಕಾರ್ಡನ್ನು ಜೀವನಪರ್ಯಂತದ ವೀಸಾ ಎಂದು ನಂಬಿ ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ್ದ ಕನ್ನಡಿಗರಿಗೆ ಅದನ್ನೂ ತಡೆಹಿಡಿಯಬಹುದು ಎಂಬುದು ಆಗ ಗೊತ್ತಾಯಿತು.

ಮೂರನೆಯದು ಹಿಂದಿನ ಹದಿನಾಲ್ಕು ದಿನದ ಓಡಾಟದ ಮೇಲೆ. ನಿಮ್ಮ ಮಗ ಅನುಭವಿಸಿದ್ದು ಇದನ್ನು. ಇದರ ಅತ್ಯಂತ ಕಠಿಣ ರೂಪ ಕಂಡದ್ದು ಆಸ್ಟ್ರೇಲಿಯಾದಲ್ಲಿ. ಎರಡನೇ ಅಲೆಯ ಉಚ್ಛ್ರಾಯದಲ್ಲಿ, 2021ರ ಮೇ 3ರಿಂದ, ಹಿಂದಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿದ್ದವರು ಬಂದರೆ ಐದು ವರ್ಷದವರೆಗೆ ಜೈಲು ಅಥವಾ 66,600 ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಎಂದು ಆ ಸರ್ಕಾರ ಘೋಷಿಸಿತು. ಸ್ವಂತ ನಾಗರಿಕರಿಗೂ ಇದು ಅನ್ವಯಿಸುತ್ತಿತ್ತು. ಮೇ 4ರಂದು ಐಪಿಎಲ್ ಅರ್ಧಕ್ಕೆ ನಿಂತಾಗ ಆಸ್ಟ್ರೇಲಿಯಾದ ಆಟಗಾರರು ಎಲ್ಲಿಗೆ ಹೋದರು ಗೊತ್ತೇ? ಮಾಲ್ದೀವ್ಸ್‌ಗೆ. ಅಲ್ಲಿ ದಿನ ಕಳೆದು, ಮೇ 15ರಂದು ನಿಷೇಧ ಮುಗಿದ ಮೇಲೆ ಸಿಡ್ನಿ ತಲುಪಿದರು. ಕೋಟಿ ಸಂಬಳದ ವೇಗದ ಬೌಲರಿಗೂ ಕೂಲಿ ವೀಸಾದ ಬಡಗಿಗೂ ಲೆಕ್ಕಾಚಾರ ಒಂದೇ. ಹೋಟೆಲ್ ಬಿಲ್ ಕಟ್ಟುವವರು ಮಾತ್ರ ಬೇರೆ.

ನಾಲ್ಕನೆಯದು ಕಾಗದದ ಮೇಲೆ: ಪರೀಕ್ಷೆಯ ವರದಿ, ಲಸಿಕೆಯ ಪ್ರಮಾಣಪತ್ರ. ಬ್ರಿಟನ್ 2021ರ ಸೆಪ್ಟೆಂಬರಿನಲ್ಲಿ ಕೋವಿಶೀಲ್ಡನ್ನು ಒಪ್ಪಿಕೊಂಡು ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಲಸಿಕೆ ಸರಿ, ಅದನ್ನು ಹಾಕಿದ್ದೇವೆ ಎನ್ನುವ ಚೀಟಿ ಸರಿಯಿಲ್ಲ! ಭಾರತ ಅಕ್ಟೋಬರ್ 4ರಿಂದ ಬ್ರಿಟಿಷರಿಗೂ ಹತ್ತು ದಿನದ ಕ್ವಾರಂಟೈನ್ ಹಾಕಿತು. ಒಂದೇ ವಾರಕ್ಕೆ, ಅಕ್ಟೋಬರ್ 11ರಿಂದ, ಬ್ರಿಟನ್ ದಾರಿಗೆ ಬಂತು. ಕೊವ್ಯಾಕ್ಸಿನ್ ಹಾಕಿಸಿಕೊಂಡವರ ಪಾಡು ಇನ್ನೂ ದೀರ್ಘ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ತುರ್ತು ಬಳಕೆಯ ಪಟ್ಟಿಗೆ ಸೇರಿಸಿದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಹಲವು ದೇಶಗಳ ಕಣ್ಣಿಗೆ ಅವರು ಲಸಿಕೆಯನ್ನೇ ಹಾಕಿಸಿಕೊಳ್ಳದವರು.

ಇಂಥ ಅಧಿಕಾರ ಎಲ್ಲಿಂದ ಬಂತು?

ಆಕಾಶ ಯಾರಪ್ಪನ ಆಸ್ತಿಯೂ ಅಲ್ಲ ಎನ್ನುತ್ತೇವೆ. ಕಾನೂನಿನಲ್ಲಿ ಹಾಗಿಲ್ಲ. 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯೇ ಹೇಳುವಂತೆ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಸಾರ್ವಭೌಮತ್ವವಿದೆ. ಅದರ 14ನೇ ವಿಧಿ ವಿಮಾನಯಾನದ ಮೂಲಕ ಕಾಲರಾ, ಸಿಡುಬು, ಹಳದಿ ಜ್ವರ, ಪ್ಲೇಗ್ ಮೊದಲಾದವು ಹರಡದಂತೆ ತಡೆಯುವ ಹೊಣೆಯನ್ನೂ ದೇಶಗಳ ಮೇಲಿಟ್ಟಿದೆ. ಭಾರತದ 1934ರ ವಿಮಾನ ಕಾಯ್ದೆಯಲ್ಲೂ ಸಾರ್ವಜನಿಕ ಆರೋಗ್ಯಕ್ಕಾಗಿ ತುರ್ತು ಅಧಿಕಾರ ಬಳಸುವ ಕಲಮುಗಳಿದ್ದವು. ಆ ಕಾಯ್ದೆಯ ಜಾಗದಲ್ಲಿ ಈಗ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಇದಕ್ಕೆ ಲಗಾಮಾಗಿ ಇರುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ. 2003ರ ಸಾರ್ಸ್ ಅನುಭವದ ನಂತರ 2005ರಲ್ಲಿ ತಿದ್ದಿ ಬರೆದ ಈ ನಿಯಮಾವಳಿಯ 43ನೇ ವಿಧಿಯ ಪ್ರಕಾರ, ಸಂಸ್ಥೆಯ ಶಿಫಾರಸಿಗಿಂತ ಹೆಚ್ಚಿನ ನಿರ್ಬಂಧ ಹೇರುವ ದೇಶ ಅದಕ್ಕೆ ವೈಜ್ಞಾನಿಕ ಆಧಾರ ಕೊಡಬೇಕು, 48 ಗಂಟೆಯೊಳಗೆ ತಿಳಿಸಬೇಕು, ಮೂರು ತಿಂಗಳೊಳಗೆ ಮರುಪರಿಶೀಲಿಸಬೇಕು. ಮಾತು ಚೆನ್ನಾಗಿದೆ. ಮೀರಿದವರಿಗೆ ಶಿಕ್ಷೆ ಏನೂ ಇಲ್ಲ. 2020ರ ಜನವರಿ 30ರಂದು ಜಾಗತಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿದಾಗ ಸಂಸ್ಥೆ ಪ್ರಯಾಣ ನಿರ್ಬಂಧಕ್ಕೆ ಶಿಫಾರಸು ಮಾಡಿರಲಿಲ್ಲ. ಮರುದಿನವೇ ಅಮೆರಿಕ ಚೀನಾದಿಂದ ಬರುವ ವಿದೇಶೀಯರಿಗೆ ನಿಷೇಧ ಘೋಷಿಸಿತು. ಒಂದರ ಹಿಂದೊಂದು ದೇಶ ಅದನ್ನೇ ಮಾಡಿತು.

ಹಳೆಯ ನಿಯಮವೊಂದು ಮಾತ್ರ ಗದ್ದಲವಿಲ್ಲದೆ ಕೆಲಸ ಮಾಡುತ್ತಿದೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಂದ ಭಾರತಕ್ಕೆ ಬರುವವರು ಲಸಿಕೆಯ ಹಳದಿ ಪುಸ್ತಕ ತೋರಿಸಬೇಕು. ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿಡಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ, 2016ರಿಂದ ಅದು ಜೀವಮಾನಕ್ಕೆ ಸಲ್ಲುತ್ತದೆ. ಆ ರೋಗ ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ರೋಗ ಮಾತ್ರ ಬಂದಿಲ್ಲ. ಇಲ್ಲಿ ನಿಯಮ ಎಲ್ಲರಿಗೂ ಮೊದಲೇ ಗೊತ್ತು, ಲಸಿಕೆ ಸಿಗುತ್ತದೆ, ಅದರ ಗುಣ ಸಾಬೀತಾಗಿದೆ. ಕೋವಿಡ್ ಆರಂಭದ ಆದೇಶಗಳಿಗೆ ಈ ಮೂರೂ ಇರಲಿಲ್ಲ.

ರೋಗ ನಿಂತಿತೇ?

ನಿಲ್ಲಲಿಲ್ಲ. ತಡವಾಯಿತು. ಎಷ್ಟು ತಡವಾಯಿತು, ಆ ತಡದಲ್ಲಿ ಏನು ಮಾಡಿದರು ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ.

ವುಹಾನ್ ನಗರವನ್ನು ಚೀನಾ ಮುಚ್ಚಿದ್ದು 2020ರ ಜನವರಿ 23ರಂದು. ಅಷ್ಟರಲ್ಲಿ ಸೋಂಕು ಚೀನಾದ ಇತರ ನಗರಗಳಿಗೆ ದಾಟಿತ್ತು. ಮತ್ತೆಯೊ ಚಿನಾಜಿ ಮತ್ತು ಸಂಗಡಿಗರು ಆ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಈ ಮುಚ್ಚುವಿಕೆಯಿಂದ ಚೀನಾದೊಳಗೆ ಸೋಂಕು ಹಬ್ಬುವುದು ತಡವಾದದ್ದು ಮೂರರಿಂದ ಐದು ದಿನ. ಹೊರದೇಶಗಳಿಗೆ ರೋಗ ಸಾಗುವುದು ಮಾತ್ರ ಫೆಬ್ರುವರಿ ನಡುವಿನವರೆಗೆ ಸುಮಾರು ಶೇಕಡಾ 80ರಷ್ಟು ತಗ್ಗಿತು. ಇಷ್ಟು ಕೇಳಿ ನಿಷೇಧದ ಪರವಾದವರು ಚಪ್ಪಾಳೆ ತಟ್ಟಬಹುದು. ಆದರೆ ಅದೇ ಅಧ್ಯಯನ ಮುಂದುವರಿದು ಹೇಳಿತು: ಒಳಗೆ ಹರಡುವಿಕೆಯನ್ನೂ ಅರ್ಧಕ್ಕಿಂತ ಹೆಚ್ಚು ತಗ್ಗಿಸದಿದ್ದರೆ ಬರೀ ಪ್ರಯಾಣ ತಡೆದು ಸಿಗುವ ಫಲ ಅಲ್ಪ.

ಅವಸರದ ನಿಷೇಧ ತನ್ನ ಕೈಯಾರೆ ಗುಂಪು ಸೇರಿಸುವುದೂ ಉಂಟು. 2020ರ ಮಾರ್ಚ್ 11ರ ರಾತ್ರಿ ಅಮೆರಿಕದ ಅಧ್ಯಕ್ಷರು ಯುರೋಪಿನಿಂದ ಬರುವವರಿಗೆ ತಡೆ ಘೋಷಿಸಿದರು. ಅಮೆರಿಕನ್ನರಿಗೆ ಅದು ಅನ್ವಯಿಸುತ್ತಿರಲಿಲ್ಲ. ಗಾಬರಿಯಾಗಿ ಅವರೆಲ್ಲ ಒಟ್ಟಿಗೇ ಊರಿಗೆ ಧಾವಿಸಿದರು. ಷಿಕಾಗೊದ ಒಹೇರ್ ನಿಲ್ದಾಣದಲ್ಲಿ ಮಾರ್ಚ್ 14ರಂದು ಸಾವಿರಾರು ಜನ ಆರೋಗ್ಯ ತಪಾಸಣೆಗಾಗಿ ಮೈಗೆ ಮೈ ತಾಗಿಸಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಸೋಂಕು ಹರಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ?

ಗೆದ್ದವರೂ ಇದ್ದಾರೆ. ನ್ಯೂಜಿಲೆಂಡ್ 2020ರ ಮಾರ್ಚ್ 19ರ ರಾತ್ರಿ ವಿದೇಶೀಯರಿಗೆ ಬಾಗಿಲು ಮುಚ್ಚಿ, ಒಳಬಂದ ಸ್ವಂತ ನಾಗರಿಕರನ್ನೂ ಸರ್ಕಾರಿ ನಿಗಾದ ಹೋಟೆಲುಗಳಲ್ಲಿ ಇರಿಸಿ, ಒಳಗಿನ ಹರಡುವಿಕೆಯನ್ನೂ ಅದುಮಿತು. ಜನರಿಗೆ ಲಸಿಕೆ ಸಿಕ್ಕ ಮೇಲೆ ಹಂತಹಂತವಾಗಿ ತೆರೆದು, 2022ರ ಜುಲೈ ಕೊನೆಗೆ ಪೂರ್ತಿ ಬಾಗಿಲು ತೆಗೆಯಿತು. ಸುತ್ತ ಸಮುದ್ರ, ಕಡಿಮೆ ಜನ, ಬೇಗನೆ ತೆಗೆದುಕೊಂಡ ನಿರ್ಧಾರ ಮೂರೂ ಕೂಡಿಬಂದವು. ಅದರ ಬೆಲೆಯೂ ಸಣ್ಣದಲ್ಲ: ಹೋಟೆಲಿನ ಕೋಣೆ ಖಾಲಿ ಇಲ್ಲವೆಂದು ತಿಂಗಳುಗಟ್ಟಲೆ ಹೊರಗುಳಿದ ಸ್ವಂತ ಪ್ರಜೆಗಳು.

ನಮ್ಮ ನೆಲದಲ್ಲೇ ನಡೆದ ಉದಾಹರಣೆ ಇನ್ನೂ ಸ್ಪಷ್ಟ. ದಕ್ಷಿಣ ಆಫ್ರಿಕಾ ಹೊಸ ರೂಪಾಂತರಿಯ ಸುದ್ದಿಯನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟದ್ದು 2021ರ ನವೆಂಬರ್ 24ರಂದು. 26ರಂದು ಅದಕ್ಕೆ ಒಮಿಕ್ರಾನ್ ಎಂದು ಹೆಸರಾಯಿತು. ಆ ಹೊತ್ತಿಗಾಗಲೇ ಆಫ್ರಿಕಾದ ದಕ್ಷಿಣದ ದೇಶಗಳಿಗೆ ವಿಮಾನಗಳು ನಿಲ್ಲತೊಡಗಿದ್ದವು. ಡಿಸೆಂಬರ್ 2ರಂದು ಭಾರತ ತನ್ನ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳನ್ನು ಪ್ರಕಟಿಸಿತು; ಎರಡೂ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ನವೆಂಬರ್ 20ರಂದು ಬಂದು, ಫಲಿತಾಂಶ ಹೊರಬೀಳುವ ಹೊತ್ತಿಗೆ ದುಬೈಗೆ ಹೊರಟುಹೋಗಿದ್ದ ಪ್ರಯಾಣಿಕ. ಇನ್ನೊಬ್ಬರು ಊರು ಬಿಟ್ಟು ಎಲ್ಲೂ ಹೋಗದ ವೈದ್ಯ. ದಕ್ಷಿಣ ಆಫ್ರಿಕಾ ಜಗತ್ತಿಗೆ ಹೇಳುವ ಮೊದಲೇ ಅವರಿಗೆ ಜ್ವರ ಬಂದಿತ್ತು. ನೆದರ್ಲೆಂಡ್ಸಿನಲ್ಲೂ ಇದೇ ಕಥೆ: ನವೆಂಬರ್ 26ರಂದು ಜೊಹಾನ್ಸ್‌ಬರ್ಗಿನಿಂದ ಬಂದ ಎರಡು ವಿಮಾನಗಳಲ್ಲಿ 61 ಸೋಂಕಿತರು ಸಿಕ್ಕಿದರು ಎಂದು ಗದ್ದಲವಾಯಿತು; ಆಮೇಲೆ ನೋಡಿದರೆ ಅದೇ ದೇಶದಲ್ಲಿ 19ರಂದೇ ತೆಗೆದ ಮಾದರಿಯೊಂದರಲ್ಲಿ ಒಮಿಕ್ರಾನ್ ಕೂತಿತ್ತು. ಊರು ಕೊಳ್ಳೆಹೋದ ಮೇಲೆ ಕೋಟೆಬಾಗಿಲು ಹಾಕಿದರು ಎನ್ನುವ ಗಾದೆ ಇಂಥದ್ದಕ್ಕೇ ಹುಟ್ಟಿದ್ದು.

ಇಲ್ಲೊಂದು ಅನ್ಯಾಯವೂ ಇದೆ. ದಕ್ಷಿಣ ಆಫ್ರಿಕಾದವರು ಚೆನ್ನಾಗಿ ಹುಡುಕಿದರು, ಬೇಗ ಹೇಳಿದರು. ಸಿಕ್ಕ ಬಹುಮಾನ ಬಹಿಷ್ಕಾರ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಂಟೊನಿಯೊ ಗುಟೆರಸ್ ಇದನ್ನು ಪ್ರಯಾಣದ ವರ್ಣಭೇದ ಎಂದೇ ಕರೆದರು. ನಮಗೂ ಇದರ ರುಚಿ ಗೊತ್ತು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಂಡಾಗ ಗಲ್ಫಿನ ಹಲವು ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿದವು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ, ದೇಶಕ್ಕಾದ ನಷ್ಟ ನೂರು ಕೋಟಿ ಡಾಲರನ್ನು ಮೀರಿತು. ಹೇಳಿದವರಿಗೆ ದಂಡ ಬೀಳುವುದಾದರೆ ಮುಂದಿನ ಸಲ ಯಾವ ದೇಶ ಬೇಗ ಹೇಳೀತು?

ಮುಚ್ಚಿದ ಬಾಗಿಲಿನ ಕಿಂಡಿಗಳು

ಎಷ್ಟೇ ಬಿಗಿಯಾದ ನಿಷೇಧದಲ್ಲೂ ವಿನಾಯಿತಿಗಳಿರುತ್ತವೆ. ಭಾರತದ್ದನ್ನೇ ನೋಡಿ. 2020ರ ಮಾರ್ಚ್ 22ರಿಂದ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನ ಒಂದು ವಾರ ಬಂದ್ ಎಂದು ಹೊರಟ ಆದೇಶ ಮತ್ತೆ ಮತ್ತೆ ವಿಸ್ತರಣೆಯಾಗಿ 2022ರ ಮಾರ್ಚ್ 27ರವರೆಗೆ ಎಳೆಯಿತು. ನಡುವೆ, 2021ರ ನವೆಂಬರ್ 26ರಂದು, ಡಿಸೆಂಬರ್ 15ರಿಂದ ಎಲ್ಲ ಮಾಮೂಲಿ ಎಂದು ಪ್ರಕಟಿಸಿದ್ದೂ ಉಂಟು. ಒಮಿಕ್ರಾನ್‌ಗೆ ಹೆಸರಿಟ್ಟ ದಿನವೂ ಅದೇ. ವಾರ ಕಳೆಯುವುದರೊಳಗೆ ಆ ಪ್ರಕಟಣೆ ಹಿಂದಕ್ಕೆ ಹೋಯಿತು.

ಆದರೂ ಈ ಎರಡು ವರ್ಷ ಆಕಾಶ ಖಾಲಿ ಇರಲಿಲ್ಲ. ಸರಕು ವಿಮಾನಗಳಿಗೆ ಮೊದಲಿನಿಂದಲೂ ತಡೆಯಿರಲಿಲ್ಲ. 2020ರ ಮೇ 7ರಿಂದ ಹೊರದೇಶಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಹಾರಿದವು; ಮೇ 11ರಂದು ಲಂಡನ್ನಿನಿಂದ ಬೆಂಗಳೂರಿಗೆ, ಮರುದಿನ ದುಬೈಯಿಂದ ಮಂಗಳೂರಿಗೆ ಮೊದಲ ತಂಡ ಬಂದಿಳಿಯಿತು. ಸೀಟು ಸಾಲದಾದಾಗ ಗಲ್ಫಿನ ಕನ್ನಡಿಗ ಸಂಘಟನೆಗಳೂ ಉದ್ಯಮಿಗಳೂ ಬಾಡಿಗೆ ವಿಮಾನ ಹೊಂದಿಸಿ ಗರ್ಭಿಣಿಯರನ್ನು, ಕೆಲಸ ಕಳೆದುಕೊಂಡವರನ್ನು ಊರಿಗೆ ಕಳಿಸಿದವು. ಜುಲೈಯಲ್ಲಿ ಅಮೆರಿಕ, ಫ್ರಾನ್ಸ್‌ಗಳೊಂದಿಗೆ ‘ಏರ್ ಬಬಲ್’ ಒಪ್ಪಂದಗಳು ಶುರುವಾದವು: ಎರಡು ದೇಶಗಳು, ಆ ಎರಡು ದೇಶಗಳ ವಿಮಾನ ಕಂಪನಿಗಳು, ಪ್ರವೇಶಕ್ಕೆ ಅರ್ಹರಾದ ಪ್ರಯಾಣಿಕರು, ಅಷ್ಟೇ. ಹೊತ್ತು ಕಳೆದಂತೆ ಇಂಥ ಒಪ್ಪಂದಗಳು ಮೂವತ್ತನ್ನು ದಾಟಿದವು.

ಇಳಿದ ಮೇಲೂ ಮುಗಿಯುತ್ತಿರಲಿಲ್ಲ, ಏಕೆಂದರೆ ರಾಜ್ಯದ ನಿಯಮ ಬೇರೆ. ಕರ್ನಾಟಕ ಸರ್ಕಾರ 2020ರ ಮಾರ್ಚ್ ಕೊನೆಗೆ ಮನೆ ಕ್ವಾರಂಟೈನ್‌ನಲ್ಲಿದ್ದವರು ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಹೇಳಿತ್ತು. ಮೇ 25ರಂದು ದೇಶದೊಳಗಿನ ವಿಮಾನಗಳು ಶುರುವಾದಾಗ ಮಹಾರಾಷ್ಟ್ರ, ತಮಿಳುನಾಡು ಸೇರಿ ಆರು ರಾಜ್ಯಗಳಿಂದ ಬಂದವರಿಗೆ ಏಳು ದಿನ ಸಾಂಸ್ಥಿಕ ಕ್ವಾರಂಟೈನ್ ಇತ್ತು. ದೆಹಲಿ ಹಾರಲು ಬಿಟ್ಟದ್ದನ್ನು ಬೆಂಗಳೂರು ಹೋಟೆಲಿನಲ್ಲಿ ಕೂರಿಸುತ್ತಿತ್ತು.

ಮುಂದೆ ಇಂಥ ಕಾಲ ಬಂದರೆ

ತಲೆಬರಹ ಬಿಟ್ಟು ಆದೇಶ ಓದಿ. ವಿಮಾನಕ್ಕೋ, ವೀಸಾಗೋ, ಹದಿನಾಲ್ಕು ದಿನದ ಓಡಾಟಕ್ಕೋ, ಕಾಗದಕ್ಕೋ ಯಾವುದಕ್ಕೆ ತಡೆ ಎಂದು ಮೊದಲು ಗುರುತಿಸಿ. ಆಮೇಲೆ ವಿನಾಯಿತಿಯ ಪಟ್ಟಿ ನೋಡಿ. ಅಲ್ಲಿ ನಿಮ್ಮ ವರ್ಗ ಇರಬಹುದು.

ಗಡಿಯಾರ ನೋಡಿ. 2020ರ ಮಾರ್ಚ್ 22ರಿಂದ ಜಾರಿಗೆ ಬಂದ ಆದೇಶ ಹೇಳಿದ್ದು ಆ ದಿನ ಗ್ರೀನಿಚ್ ಸಮಯ 00:01ರ ನಂತರ ವಿದೇಶದಿಂದ ಭಾರತಕ್ಕೆ ಹೊರಡುವ ವಿಮಾನಗಳ ಬಗ್ಗೆ. ನಮ್ಮ ಲೆಕ್ಕದಲ್ಲಿ ಬೆಳಗಿನ 5:31. ಇಳಿಯುವ ಹೊತ್ತೋ ಹೊರಡುವ ಹೊತ್ತೋ, ಯಾವ ಊರಿನ ಗಂಟೆಯೋ ಎನ್ನುವುದರಲ್ಲಿ ಒಂದು ದಿನವೇ ಆಚೀಚೆ ಆದೀತು. ಅದೇ ವಾರ ಫಿಲಿಪ್ಪೀನ್ಸಿನಿಂದ ಊರಿಗೆ ಹೊರಟ ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಕ್ವಾಲಾಲಂಪುರ ನಿಲ್ದಾಣ ಮುಟ್ಟುವಷ್ಟರಲ್ಲಿ ಮುಂದಿನ ವಿಮಾನಕ್ಕೆ ತಡೆ ಬಿದ್ದು ಅಲ್ಲೇ ಉಳಿದಿದ್ದರು.

ನಡುವೆ ಇಳಿಯುವ ಊರಿಗೂ ನಿಯಮವಿದೆ ಎಂಬುದು ನೆನಪಿರಲಿ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ನಡುವೆ ಇಮಿಗ್ರೇಷನ್ ದಾಟಿ ಲಗೇಜು ಎತ್ತಿಕೊಳ್ಳಬೇಕಾದೀತು. ಆ ದೇಶದ ವೀಸಾ, ಪರೀಕ್ಷೆ ಎಲ್ಲ ಬೇಕಾಗುತ್ತದೆ. ಒಂದೇ ಪಿಎನ್‌ಆರ್‌ನಲ್ಲಿ ಕೊನೆಯವರೆಗೆ ಟಿಕೆಟ್ ಇದ್ದರೆ, ನಡುವೆ ತಪ್ಪಿದಾಗ ಮುಂದೆ ಕಳಿಸುವ ಹೊಣೆ ಕಂಪನಿಯ ಮೇಲಿರುತ್ತದೆ. ಮೂರನೇ ದೇಶದಲ್ಲಿ ಕಾಯುವ ಪ್ಯಾಕೇಜ್ ಕೊಳ್ಳುವವರು ಆ ದೇಶ ನಡುವೆಯೇ ಬಾಗಿಲು ಹಾಕಿದರೆ ದುಡ್ಡು ಯಾರು ಕೊಡುತ್ತಾರೆ ಎಂದು ಲಿಖಿತವಾಗಿ ಕೇಳಲಿ. ದುಬೈ, ಕಾಠ್ಮಂಡುಗಳಲ್ಲಿ ಸಿಕ್ಕಿಬಿದ್ದವರ ಕಥೆ ಇದಕ್ಕೆ ಸಾಕ್ಷಿ.

ಕಾಗದಗಳಲ್ಲಿ ಹೆಸರು, ಹುಟ್ಟಿದ ದಿನ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಲಸಿಕೆಯ ಹೆಸರು ಹೋಗುವ ದೇಶ ಗುರುತಿಸುವ ರೂಪದಲ್ಲಿರಬೇಕು. ಕೌಂಟರಿನಲ್ಲಿ ಕೂತವರು ಹೆಚ್ಚಿನ ವಿಮಾನ ಕಂಪನಿಗಳು ಬಳಸುವ ಟಿಮ್ಯಾಟಿಕ್ ಎಂಬ ದತ್ತಾಂಶ ನೋಡಿ ಹತ್ತಿಸುತ್ತಾರೆ ಅಥವಾ ಇಳಿಸುತ್ತಾರೆ. ಅರ್ಹತೆಯಿಲ್ಲದವರನ್ನು ಕರೆದೊಯ್ದರೆ ಕಂಪನಿಗೇ ದಂಡ, ವಾಪಸು ತರುವ ಹೊಣೆಯೂ ಅದರದ್ದೇ. ಹಾಗಾಗಿ ಸಂಶಯ ಬಂದರೆ ಅವರು ‘ಬೇಡ’ ಎನ್ನುವ ಕಡೆಗೇ ವಾಲುತ್ತಾರೆ. ಸರ್ಕಾರಿ ಆದೇಶದ ಮುದ್ರಿತ ಪ್ರತಿ ಕೈಯಲ್ಲಿದ್ದರೆ ಅಲ್ಲಿ ವಾದಕ್ಕೆ ಬರುತ್ತದೆ.

ಹೊರಡುವ ನಿಲ್ದಾಣದಲ್ಲೇ ಕೊನೆಯ ಪರೀಕ್ಷೆ ಇರಬಹುದು. ಯುಎಇ 2021ರ ಆಗಸ್ಟಿನಿಂದ ವಿಮಾನ ಏರುವ ಕೆಲವೇ ಗಂಟೆ ಮೊದಲು ನಿಲ್ದಾಣದಲ್ಲಿ ರ‍್ಯಾಪಿಡ್ ಪಿಸಿಆರ್ ಕೇಳಿತು. ಅದಕ್ಕೆಂದು ಮಂಗಳೂರು ನಿಲ್ದಾಣದಲ್ಲೂ ಪ್ರಯೋಗಾಲಯ ಬಂತು. ಎರಡು ದಿನ ಮೊದಲು ನೆಗೆಟಿವ್ ಬಂದವರಿಗೆ ಅಲ್ಲಿ ಪಾಸಿಟಿವ್ ಬಂದರೆ ಮನೆಗೆ ವಾಪಸು. ದಿನಾಂಕ ಬದಲಾಯಿಸಬಹುದಾದ ಟಿಕೆಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಇಂಥ ಕಾಲದಲ್ಲಿ ಅದು ದುಂದಲ್ಲ.

ದುಡ್ಡು ವಾಪಸು ಕೇಳಲು ಹಿಂಜರಿಯಬೇಡಿ. 2020ರ ಅಕ್ಟೋಬರ್ 1ರಂದು ಪ್ರವಾಸಿ ಲೀಗಲ್ ಸೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆಂದಿತು: ಲಾಕ್‌ಡೌನ್ ಅವಧಿಯ ಪ್ರಯಾಣಕ್ಕೆ ಅದೇ ಅವಧಿಯಲ್ಲಿ ಮಾಡಿಸಿದ ಟಿಕೆಟಿಗೆ ಪೂರ್ತಿ ಹಣ ಕೂಡಲೇ ಕೊಡಬೇಕು. ಮೊದಲೇ ಮಾಡಿಸಿದವರಿಗೆ ಹದಿನೈದು ದಿನದೊಳಗೆ ಕೊಡಬೇಕು. ಕಂಪನಿಯ ಬಳಿ ಹಣವಿಲ್ಲದಿದ್ದರೆ 2021ರ ಮಾರ್ಚ್ 31ರವರೆಗೆ ಬಳಸಬಹುದಾದ, ಬೇರೆಯವರಿಗೂ ವರ್ಗಾಯಿಸಬಹುದಾದ ‘ಕ್ರೆಡಿಟ್ ಶೆಲ್’ ಕೊಟ್ಟು, ತಡವಾದಷ್ಟು ಮೌಲ್ಯ ಹೆಚ್ಚಿಸಬೇಕು. ಆ ತೀರ್ಪು ಆ ಕಾಲಕ್ಕೆ ಸೀಮಿತ. ಆದರೂ ಮುಂದಿನ ಸಲ ವಾದ ಶುರುವಾಗುವುದು ಅಲ್ಲಿಂದಲೇ. ಏಜೆಂಟರ ಮೂಲಕ ಮಾಡಿಸಿದ ಟಿಕೆಟಿನ ಹಣ ಏಜೆಂಟರ ಕೈಗೇ ಮರಳುತ್ತದೆ, ರಸೀದಿ ಜೋಪಾನ. ವಿಮೆ ಮಾಡಿಸುವಾಗ ಸಾಂಕ್ರಾಮಿಕ ರೋಗವನ್ನು ಹೊರಗಿಟ್ಟ ಕಲಮು ಇದೆಯೇ ಎಂದು ಓದಿ.

ಕೆಲಸಕ್ಕೆ ಹೋಗುವವರು ಇಕಾಮಾ ಮತ್ತು ಮರುಪ್ರವೇಶ ವೀಸಾದ ಅವಧಿಯ ಮೇಲೆ ಕಣ್ಣಿಟ್ಟಿರಬೇಕು. ಸೌದಿ ಆಗ ಹೊರಗುಳಿದವರ ಇಕಾಮಾಗಳನ್ನು ಹಲವು ಸಲ ಉಚಿತವಾಗಿ ವಿಸ್ತರಿಸಿತು. ಎಲ್ಲ ದೇಶಗಳೂ ಹಾಗೆ ಮಾಡುತ್ತವೆಂಬ ಭರವಸೆಯಿಲ್ಲ. ಮಾಲೀಕರಿಂದ ರಜೆ ವಿಸ್ತರಣೆಯ ಪತ್ರ ಬರವಣಿಗೆಯಲ್ಲಿ ಪಡೆಯಿರಿ. ಪರದೇಶದಲ್ಲಿ ಸಿಕ್ಕಿಬಿದ್ದರೆ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಿ. ಕಷ್ಟದಲ್ಲಿರುವವರ ಟಿಕೆಟಿಗೆ ರಾಯಭಾರ ಕಚೇರಿಗಳ ಬಳಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇರುತ್ತದೆ. ಅದು ಕೇಳಿದವರಿಗಷ್ಟೇ ಸಿಗುತ್ತದೆ.

ಇವೆಲ್ಲ ಪ್ರಯಾಣಿಕ ಮಾಡಬಹುದಾದದ್ದು. ನಾಗರಿಕನಾಗಿ ಮಾಡಬೇಕಾದದ್ದೂ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಿದ್ದಿದ ನಿಯಮಾವಳಿ 2025ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ. ‘ಸಾಂಕ್ರಾಮಿಕ ತುರ್ತುಸ್ಥಿತಿ’ ಎಂಬ ಹೊಸ ಹಂತವೂ ಅದರಲ್ಲಿದೆ. ಗಡಿ ಮುಚ್ಚುವ ಅಧಿಕಾರ ಮಾತ್ರ ಇಂದಿಗೂ ಆಯಾ ಸರ್ಕಾರಗಳದ್ದೇ. ಹೀಗಿರುವಾಗ ನಿಷೇಧ ಸರಿಯೋ ತಪ್ಪೋ ಎಂದು ಜಗಳವಾಡುವುದಕ್ಕಿಂತ, ಅದು ಗಳಿಸಿಕೊಡುವ ಕೆಲವು ದಿನ ಅಥವಾ ವಾರಗಳಲ್ಲಿ ಏನು ತಯಾರಿ ನಡೆದಿದೆ, ಎಷ್ಟು ಹಾಸಿಗೆ, ಎಷ್ಟು ಆಮ್ಲಜನಕ, ಎಷ್ಟು ಪರೀಕ್ಷೆ, ಆದೇಶ ಮುಗಿಯುವ ದಿನ ಯಾವುದು ಎಂದು ಕೇಳುವುದು ಮೇಲು. ನಿಮ್ಮ ಮಗನ ಸಂಬಳ ಮತ್ತು ತಿಂಗಳುಗಳು ಆ ಸಮಯಕ್ಕೆ ಬೆಲೆಯಾಗಿ ಹೋಗಿವೆ. ಕೊಟ್ಟ ದುಡ್ಡಿಗೆ ಏನು ಬಂತು ಎಂದು ಕೇಳುವ ಹಕ್ಕು ನಿಮಗಿದೆ.